ನೀನು ಅಂದನೋ, ನೀವು ಅಂದನೋ

ನಿಮ್ಮ ಸಂಶೋಧನೆ ಯಾವುದರ ಮೇಲೆ ಎಂದು ಸಿಂಧನೂರಿನಲ್ಲಿ ಯಾರಾದರೂ ಕೇಳಿದರೆ "ಕಾದಂಬರಿ ಮೇಲೆ" ಎಂದಷ್ಟೇ ಹೇಳಿ ನಾನು ಮಾತು ತಿರುಗಿಸುತ್ತಿದ್ದೆ. 'ಆಧುನಿಕ ಇಟಾಲಿಯನ್ ಕಾದಂಬರಿಯಲ್ಲಿ ವಾಸ್ತವತೆ ಮತ್ತು ಅಸ್ಮಿತೆ' ಎಂಬ ಪೂರ್ತಿ ಶೀರ್ಷಿಕೆಯನ್ನು ಒಮ್ಮೆ ಮಾತ್ರ, ಕಾಲೇಜಿನ ಸ್ಟಾಫ್ ರೂಮಿನಲ್ಲಿ ಹೇಳಿದ್ದೆ. ಅರ್ಥಶಾಸ್ತ್ರದ ಅಧ್ಯಾಪಕರು ಚಹಾದ ಕಪ್ಪು ಕೆಳಗಿಟ್ಟು, "ಇಟಲಿ ಮಂದಿ ನಮ್ಮ ಕಾಲುವಿ ನೀರ ಕುಡದು ಬರದಾರೇನ್ರಿ ಮೇಡಂ, ಇಲ್ಲಿ ಕುಂತು ಓದಾಕ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವರು ಕೇಳದೇ ಬಿಟ್ಟ ಪ್ರಶ್ನೆಯೊಂದಿತ್ತು. ಅದನ್ನು ಅವರು ಕೇಳಿಯಾರು ಎಂಬ ಹೆದರಿಕೆಯಿಂದ ಅವತ್ತು ಬೇಗ ಕ್ಲಾಸಿಗೆ ಎದ್ದು ಹೋದೆ. ನನಗೆ ಇಟಾಲಿಯನ್ ಭಾಷೆಯ ಒಂದು ಶಬ್ದವೂ ಬರುತ್ತಿರಲಿಲ್ಲ.

ವಿಷಯ ನಾನು ಆರಿಸಿಕೊಂಡದ್ದಲ್ಲ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ತೌಲನಿಕ ಅಧ್ಯಯನಕ್ಕೆ ಹೆಸರು ಹಚ್ಚಿದವರಲ್ಲಿ ನಾನು ಕೊನೆಯವಳು. ರಷ್ಯನ್, ಫ್ರೆಂಚ್ ಕಾದಂಬರಿಗಳು ಅಷ್ಟರಲ್ಲಿ ಬೇರೆಯವರ ಪಾಲಾಗಿದ್ದವು. ಮಾರ್ಗದರ್ಶಕರು ತಮ್ಮ ಕಪಾಟಿನಿಂದ ಇಂಗ್ಲಿಷಿಗೆ ಅನುವಾದವಾಗಿದ್ದ ಕೆಲವು ಇಟಾಲಿಯನ್ ಕಾದಂಬರಿಗಳನ್ನು ತೆಗೆದುಕೊಟ್ಟು, "ಇವುಗಳ ಮೇಲೆ ನಮ್ಮಲ್ಲಿ ಯಾರೂ ಕೈಯಿಟ್ಟಿಲ್ಲ, ನೋಡಿ" ಎಂದರು. ಓದುತ್ತ ಓದುತ್ತ ಅವು ನನ್ನನ್ನು ಹಿಡಿದುಕೊಂಡವು. ಅದರಲ್ಲಿ ಒಂದು ಕಾದಂಬರಿ ದಕ್ಷಿಣ ಇಟಲಿಯ ಗುಡ್ಡದ ಹಳ್ಳಿಯೊಂದರದು. ಅಲ್ಲಿ ಒಬ್ಬ ಜಮೀನ್ದಾರ, ಅವನ ಪರವಾಗಿ ಊರನ್ನು ಆಳುವ ಕಾರಭಾರಿ, ಗೇಣಿಗೆ ಉಳುವ ಜನ. ಉಳುವ ಗಂಡಸು ಸತ್ತರೆ ಆ ಮನೆಗೆ ಹೊಲವಿಲ್ಲ, ಹೊಲವಿಲ್ಲದವರಿಗೆ ಮನೆಯೂ ಇಲ್ಲ ಎಂಬುದು ಅಲ್ಲಿನ ಕಟ್ಟಳೆ. ಗಂಡ ಸತ್ತ ಹೆಂಗಸೊಬ್ಬಳಿಗೆ ಮನೆ ಬಿಡುವಂತೆ ಹೇಳಿಕಳಿಸುತ್ತಾರೆ. ಅವಳು ಕೂಸನ್ನು ಎತ್ತಿಕೊಂಡು ಕಾರಭಾರಿಯ ಬಾಗಿಲಿಗೆ ಹೋಗಿ ಮಾತಾಡುತ್ತಾಳೆ. ಒಂದೂವರೆ ಪುಟದಷ್ಟು ಮಾತು. ನನ್ನ ನಾಲ್ಕನೆಯ ಅಧ್ಯಾಯ ಆ ಒಂದೂವರೆ ಪುಟದ ಮೇಲೆ ನಿಂತಿತ್ತು.

ಕೆಲಸದ ಕ್ರಮ ಹೀಗಿತ್ತು. ಬೆಳಿಗ್ಗೆ ಕಾಲೇಜಿಗೆ ಹೋಗುವ ಮುಂಚೆ ಇಂಗ್ಲಿಷ್ ಪುಟ ಓದಿ, ಬೇಕಾದ ಭಾಗವನ್ನು ಕಾರ್ಡಿಗೆ ಇಳಿಸಿಕೊಳ್ಳುವುದು. ಸಂಜೆ ಅದನ್ನು ಕನ್ನಡಕ್ಕೆ ತರುವುದು. ಪ್ರಬಂಧ ಕನ್ನಡದಲ್ಲಿದ್ದುದರಿಂದ ಉಲ್ಲೇಖಗಳೆಲ್ಲ ನನ್ನದೇ ಅನುವಾದ. ನನ್ನ ಕನ್ನಡ ಶುದ್ಧವಾಗಿದೆ ಎಂದು ವಿಭಾಗದಲ್ಲಿ ಹೆಸರಿತ್ತು. ಆ ಶುದ್ಧಿ ಸುಮ್ಮನೆ ಬಂದದ್ದಲ್ಲ. ಎಂ.ಎ. ಸೇರಿದ ಮೊದಲ ವಾರ ಹಾಜರಿ ಕರೆದಾಗ "ಬಂದೀನ್ರಿ ಸರ್" ಎಂದು ಎದ್ದು ನಿಂತಿದ್ದೆ. ಇಡೀ ತರಗತಿ ನಕ್ಕಿತ್ತು. ಅವತ್ತಿನಿಂದ ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ನನ್ನ ಮಾತಿನಿಂದ ನನ್ನೂರು ಮಸ್ಕಿಯನ್ನು ಆರಿಸಿ ಆರಿಸಿ ಚೆಲ್ಲಿದ್ದೆ. ಐದಾರು ವರ್ಷದಲ್ಲಿ ನಾನು ಯಾವ ಊರಿನವಳೆಂದು ಬಾಯಿ ತೆರೆದರೂ ಯಾರಿಗೂ ಗೊತ್ತಾಗದಂತಾಯಿತು.

ಆ ವಿಧವೆಯ ಮಾತನ್ನು ನಾನು ಬರೆದದ್ದು ಹೀಗೆ: "ಸ್ವಾಮಿ, ನನ್ನ ಪತಿ ತೀರಿಹೋಗಿದ್ದಾರೆ, ನಿಜ. ಆದರೆ ಅವರು ಬೆವರು ಸುರಿಸಿದ ಭೂಮಿ ಇನ್ನೂ ಜೀವಂತವಾಗಿದೆ. ಈ ಹಸುಗೂಸಿನೊಡನೆ ನಾನೆಲ್ಲಿಗೆ ಹೋಗಲಿ, ತಾವೇ ಹೇಳಿ." ಕಾರಭಾರಿಯೂ ಅವಳಿಗೆ "ನೀವು" ಎಂದೇ ಉತ್ತರಿಸುತ್ತಾನೆ. ಇಂಗ್ಲಿಷಿನಲ್ಲಿ ಇಬ್ಬರಿಗೂ ಇದ್ದದ್ದು ಒಂದೇ ಸರ್ವನಾಮ. ಆಳುವವನಿಗೂ ದಿಕ್ಕಿಲ್ಲದವಳಿಗೂ ಲೇಖಕ ಒಂದೇ ಭಾಷೆಯ ಘನತೆಯನ್ನು ಕೊಟ್ಟಿದ್ದಾನೆ, ಈ ಕಾದಂಬರಿಯ ಅಸ್ಮಿತೆಯ ಪ್ರಶ್ನೆ ಅಡಗಿರುವುದು ಈ ಸಮಾನತೆಯಲ್ಲೇ ಎಂದು ವಾದ ಹೂಡಿದ್ದೆ. ಮಾರ್ಗದರ್ಶಕರು ಆ ಸಾಲಿನ ಪಕ್ಕ ಪೆನ್ಸಿಲ್ಲಿನಿಂದ ಗೆರೆ ಎಳೆದು "ಚೆನ್ನಾಗಿದೆ" ಎಂದು ಬರೆದಿದ್ದರು.

ಆ ಅಧ್ಯಾಯವನ್ನು ವಿಭಾಗದ ವಿಚಾರಗೋಷ್ಠಿಯಲ್ಲಿ ಓದಿದೆ. ಬೇರೆ ರಾಜ್ಯದಿಂದ ಬಂದಿದ್ದ ಹಿರಿಯ ಪ್ರಾಧ್ಯಾಪಕರೊಬ್ಬರು ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಕನ್ನಡದವರೇ, ಆದರೆ ಕೆಲವು ವರ್ಷ ಇಟಲಿಯಲ್ಲಿ ಓದಿ ಬಂದವರು. ನನ್ನ ಓದು ಮುಗಿದ ಮೇಲೆ ಅವರು ಎದ್ದು ನಿಲ್ಲದೆ, ಕುಳಿತಲ್ಲಿಂದಲೇ ಕೇಳಿದರು: "ಮೂಲದಲ್ಲಿ ಕಾರಭಾರಿ ಅವಳನ್ನು ಏನಂತ ಮಾತಾಡಿಸ್ತಾನೆ? ನೀನು ಅಂತಾನೋ, ನೀವು ಅಂತಾನೋ?"

ನನಗೆ ಗೊತ್ತಿರಲಿಲ್ಲ.

"ಅವಳು ಮಾತಾಡೋದು ಯಾವ ಇಟಾಲಿಯನ್ನು?"

ಇಟಾಲಿಯನ್ನಿನಲ್ಲಿ ಎಷ್ಟು ಬಗೆಯಿವೆ ಎಂಬುದೇ ನನಗೆ ತಿಳಿದಿರಲಿಲ್ಲ. ಅವರು ಹಂಗಿಸಲಿಲ್ಲ. ತಗ್ಗಿದ ದನಿಯಲ್ಲಿ, ಬೇಸರವಿಲ್ಲದೆ ವಿವರಿಸಿದರು. ಮೂಲದಲ್ಲಿ ಕಾರಭಾರಿ ಅವಳಿಗೆ "ನೀನು" ಎನ್ನುತ್ತಾನೆ. ಅವಳು ಅವನಿಗೆ ದಕ್ಷಿಣದವರ ರೂಢಿಯಂತೆ "ನೀವು" ಎನ್ನುತ್ತಾಳೆ. ಅವಳದು ಆ ಗುಡ್ಡದ ಊರಿನ ಆಡುಮಾತು. ಕಾರಭಾರಿ ಪೇಟೆಯ ಭಾಷೆಯಲ್ಲಿ ಉತ್ತರಿಸುತ್ತಾನೆ. ಅವಳ ಮಾತು ತನಗೆ ಅರ್ಥವೇ ಆಗಲಿಲ್ಲವೆಂದು ನಟಿಸುವುದು ಆ ದೃಶ್ಯದ ಜೀವ. ಇಂಗ್ಲಿಷ್ ಅನುವಾದಕ ಅದನ್ನೆಲ್ಲ ಉಜ್ಜಿ ಸಮ ಮಾಡಿದ್ದಾನೆ. "ನೀವು ಆ ಸಮತಲದ ಮೇಲೆ ಮನೆ ಕಟ್ಟಿದ್ದೀರಿ" ಎಂದು ಅವರು ಮುಗಿಸಿದರು.

ಯಾರೂ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. ಹಾಳೆಗಳನ್ನು ನಾನು ಹಿಂದುಮುಂದಾಗಿ ಜೋಡಿಸಿಕೊಳ್ಳುವುದನ್ನು ಮುಂದಿನ ಸಾಲಿನವರು ನೋಡಿ, ನೋಡದಂತೆ ತಲೆ ಬಗ್ಗಿಸಿದರು. ಊಟದ ಹೊತ್ತಿನಲ್ಲಿ ಮಾರ್ಗದರ್ಶಕರು, "ಭಾಷೆಯ ಭಾಗ ತೆಗೆದುಬಿಡಿ. ಕಥಾವಸ್ತು ಇಟ್ಟುಕೊಂಡು ಬರೆದರೆ ಸಾಕು" ಎಂದರು. ಭಾಷೆಯನ್ನು ತೆಗೆದರೆ ಆ ಅಧ್ಯಾಯದಲ್ಲಿ ಉಳಿಯುವುದೇನೆಂದು ಅವರಿಗೂ ಗೊತ್ತಿತ್ತು. ಹಿರಿಯ ಪ್ರಾಧ್ಯಾಪಕರು ಊರಿಗೆ ಹೋದ ಮೇಲೆ ಮೂಲ ಕಾದಂಬರಿಯ ಆ ಭಾಗಗಳ ಜೆರಾಕ್ಸ್ ಪ್ರತಿಯನ್ನು ಅಂಚೆಯಲ್ಲಿ ಕಳಿಸಿದರು. ಅದನ್ನು ಬಿಡಿಸಿ ನೋಡಿದೆ. ಒಂದು ಶಬ್ದವೂ ಹತ್ತಿರ ಬರಲಿಲ್ಲ. ಅಕ್ಷರ ಓದಲು ಬರುತ್ತದೆ, ಮಾತು ತಿಳಿಯುವುದಿಲ್ಲ. ಅಕ್ಷರ ಬಾರದ ನನ್ನವ್ವ ಬಸ್ಸಿನ ಬೋರ್ಡನ್ನು ಹೀಗೆಯೇ ನೋಡುತ್ತಿದ್ದಿರಬೇಕು ಅನಿಸಿತು.

ಸಿಂಧನೂರಿನಲ್ಲಿ ಇಟಾಲಿಯನ್ ಕಲಿಸುವವರನ್ನು ಎಲ್ಲಿ ಹುಡುಕುವುದು? ಮುದಗಲ್ಲಿನಿಂದ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಒಂದು ದಿನ ಹೇಳಿದಳು: "ನಮ್ಮೂರಾಗ ದವಾಖಾನಿ ಸಿಸ್ಟರಮ್ಮ ಅದಾರಲ್ರಿ ಮೇಡಂ, ಅವರು ಆ ಕಡಿಯವರ ಅಂತ." ಮುದಗಲ್ಲಿನಲ್ಲಿ ಕ್ರೈಸ್ತ ಮನೆಗಳು ಬಹಳ ಹಿಂದಿನಿಂದ ಇವೆ. ಅಲ್ಲಿ ವಿದೇಶಿ ಸನ್ಯಾಸಿನಿಯೊಬ್ಬರು ಸಣ್ಣ ದವಾಖಾನೆ ನಡೆಸುವುದು ನನಗೆ ಗೊತ್ತಿರಲಿಲ್ಲ. ಆ ಭಾನುವಾರವೇ ಮಸ್ಕಿ ದಾಟಿ, ಲಿಂಗಸುಗೂರಿನಲ್ಲಿ ಬಸ್ಸು ಬದಲಿಸಿ ಮುದಗಲ್ಲಿಗೆ ಹೋದೆ.

ಸಿಸ್ಟರ್ ರೈತನೊಬ್ಬನ ಕಾಲಿನ ಹುಣ್ಣು ತೊಳೆಯುತ್ತಿದ್ದರು. ವಯಸ್ಸಾದವರು, ಗಿಡ್ಡ ಆಳು, ಬಿಸಿಲಿಗೆ ಕಂದಿದ ಮುಖ. "ಎಂಟು ದಿನ ಏನ್ ಮಾಡಾಕತ್ತಿದ್ದೆಪಾ? ಹುಳ ಬೀಳಲಿ ಅಂತ ಕಾಯಾಕತ್ತಿದ್ದೇನು?" ಎಂದು ಅವನನ್ನು ಬೈಯುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಬೆರಗಾದೆ. ನಾನು ವರ್ಷಗಟ್ಟಲೆ ತಿಕ್ಕಿ ತೊಳೆದ ಮಾತನ್ನು ಇಟಲಿಯ ಹೆಂಗಸು ಬಾಯಿ ತುಂಬ ಆಡುತ್ತಿದ್ದರು.

ನನ್ನ ಕೆಲಸ ವಿವರಿಸಿದೆ. ನನ್ನ ಶುದ್ಧ ಕನ್ನಡ ಕೇಳಿ ಅವರು, "ನೀ ಬೆಂಗಳೂರು ಕಡಿಯಾಕೀನಾ?" ಎಂದರು.

"ಅಲ್ಲ ಸಿಸ್ಟರ್, ಮಸ್ಕಿಯವಳು."

"ಮಸ್ಕಿ!" ಎಂದು ಒಂದು ಗಳಿಗೆ ನನ್ನ ಮುಖ ನೋಡಿ, "ಆಯ್ತು, ಐತವಾರಕ್ಕೊಮ್ಮೆ ಬಾ. ಪೂಜಿ ಮುಗದ ಮ್ಯಾಲ ಕಲಸ್ತೀನಿ. ಆದ್ರ ನನ್ನ ಕೆಲಸ ನಿಂದ್ರಂಗಿಲ್ಲ, ನೋಡು" ಎಂದರು.

ಒಂದು ವರ್ಷಕ್ಕೂ ಹೆಚ್ಚು ಕಾಲ ಭಾನುವಾರಗಳು ಹಾಗೆ ಕಳೆದವು. ಅವರು ಬ್ಯಾಂಡೇಜು ಸುತ್ತುತ್ತ ಕ್ರಿಯಾಪದ ಹೇಳಿಕೊಡುತ್ತಿದ್ದರು. ನಾನು ಅದನ್ನೇ ಹೇಳುತ್ತ ಹತ್ತಿ ಉಂಡೆ ಮಾಡುತ್ತಿದ್ದೆ. ಮೊದಲು ಪ್ರಾರ್ಥನೆಯ ಸಾಲುಗಳು, ಆಮೇಲೆ ಮಕ್ಕಳ ಪಾಠದಂಥ ವಾಕ್ಯಗಳು. ಮಾತಿಗೊಂದು ಭೂತಕಾಲ, ಕತೆ ಬರೆಯುವುದಕ್ಕೆ ಬೇರೊಂದು ಭೂತಕಾಲ ಎಂಬುದೇ ನನಗೆ ತಿಂಗಳುಗಟ್ಟಲೆ ತಲೆಗೆ ಹತ್ತಲಿಲ್ಲ. ಬಸ್ಸಿನಲ್ಲಿ ಮಸ್ಕಿಯವರೆಗೆ ಒಂದು, ಮಸ್ಕಿಯಿಂದ ಮುಂದೆ ಇನ್ನೊಂದು ಎಂದು ಗಟ್ಟಿ ಮಾಡಿದೆ. ನಿಧಾನಕ್ಕೆ ಜೆರಾಕ್ಸಿನ ಪುಟಗಳಲ್ಲಿ ಲೇಖಕ ತಾನೇ ಹೇಳುವ ಭಾಗ ಬಿಚ್ಚಿಕೊಂಡಿತು. ನಿಘಂಟು ಹಿಡಿದು ಓದಿದರೆ ಅರ್ಥ ಆಗುವಷ್ಟಾಯಿತು. ವಿಧವೆ ಹೊರಗಿನ ಮೆಟ್ಟಿಲ ಮೇಲೆ ನಿಂತಿದ್ದಾಳೆಂದು, ಕಾರಭಾರಿ ಊಟ ಬಿಟ್ಟು ಏಳುವುದಿಲ್ಲವೆಂದು ಓದಿಕೊಂಡೆ. ಆದರೆ ಅವಳು ಬಾಯಿ ತೆರೆದ ಕೂಡಲೇ ದಾರಿ ಮುಚ್ಚಿಹೋಗುತ್ತಿತ್ತು. ನಿಘಂಟಿನಲ್ಲಿ ಆ ಶಬ್ದಗಳಿರಲಿಲ್ಲ. ಸಿಸ್ಟರನ್ನು ಕೇಳಿದರೆ ಕನ್ನಡಕ ಮೇಲೆತ್ತಿ ಪುಟ ನೋಡಿ, "ಇದು ನಂಗ ತಿಳಿಯಂಗಿಲ್ಲ. ಮುಂದ ಹೋಗು" ಎನ್ನುತ್ತಿದ್ದರು. ಅವರು ಉತ್ತರದ ಕಡೆಯವರಿರಬೇಕು ಎಂದು ನಾನೇ ಊಹಿಸಿಕೊಂಡು ಸುಮ್ಮನಾದೆ. ಪ್ರಬಂಧದ ಅವಧಿ ಮುಗಿಯುತ್ತ ಬಂದಿತ್ತು. ಮೂಲ ಓದಬಲ್ಲೆ, ಬೇಕಾದ ಪುಟ ಮಾತ್ರ ಓದಲಾರೆ.

ಬೇಸಿಗೆಯ ಒಂದು ಭಾನುವಾರ ದವಾಖಾನೆ ತುಂಬಿತ್ತು. ವಾಂತಿಭೇದಿಯಿಂದ ಬಸವಳಿದ ಮಗುವನ್ನು ತಾಯಿಯೊಬ್ಬಳು ತಂದಿದ್ದಳು. ಸಲೈನ್ ಹಚ್ಚಲು ನರ ಸಿಗುತ್ತಿರಲಿಲ್ಲ. ಸಿಸ್ಟರ್ ಮಗುವಿನ ಕೈ ಹಿಡಿದು ಹುಡುಕುತ್ತ, ತಮಗೆ ತಾವೇ ಎಂಬಂತೆ ಸಣ್ಣ ದನಿಯಲ್ಲಿ ರಮಿಸತೊಡಗಿದರು. ಅದು ಕನ್ನಡವಲ್ಲ. ಅವರು ನನಗೆ ಕಲಿಸಿದ ಇಟಾಲಿಯನ್ನೂ ಅಲ್ಲ. "ಪಿಚ್ಚೆರಿ, ಪಿಚ್ಚೆರಿ" ಎನ್ನುತ್ತಿದ್ದರು. ಆ ಶಬ್ದ ನನಗೆ ಬಾಯಿಪಾಠವಾಗಿತ್ತು. ನಿಘಂಟಿನಲ್ಲಿ ಸಿಗದ ಶಬ್ದಗಳಲ್ಲಿ ಅದೂ ಒಂದು. ವಿಧವೆ ತನ್ನ ಕೂಸನ್ನು ಕರೆಯುವುದು ಹಾಗೆ.

ಮಗುವಿಗೆ ಸಲೈನ್ ಹತ್ತಿ, ತಾಯಿ ಉಸಿರು ಬಿಟ್ಟ ಮೇಲೆ ನಾನು ಉಬ್ಬಿಹೋಗಿ, ಎಲ್ಲರ ಎದುರಿಗೇ ಪುಟ ತೋರಿಸಿ, "ಸಿಸ್ಟರ್, ನೀವು ಈಗ ಅಂದದ್ದು ಇಲ್ಲಿದೆ. ಈ ಮಾತು ನಿಮಗೆ ಬರುತ್ತದೆ!" ಎಂದೆ.

ಅವರ ಮುಖ ಕೆಂಪಾಯಿತು. "ಬರ್ತದ. ಬಂದ್ರೇನು ಈಗ?" ಎಂದರು. ಕಳ್ಳತನದಲ್ಲಿ ಸಿಕ್ಕಿಬಿದ್ದವರಂತೆ ಸುತ್ತಲಿನ ಜನರ ಕಡೆ ನೋಡಿದರು. ಆ ಜನಕ್ಕೆ ಏನೂ ಅರ್ಥವಾಗಿರಲಿಲ್ಲ. "ಇವತ್ತ ಪಾಠ ಇಲ್ಲ. ಹೋಗು."

ಲಿಂಗಸುಗೂರಿನ ಬಸ್ ಸ್ಟ್ಯಾಂಡಿನಲ್ಲಿ ಸಿಂಧನೂರಿನ ಬಸ್ಸು ಬಂದು ಹೋದರೂ ನಾನು ಏಳಲಿಲ್ಲ. ಆ ನೋಟ ನನಗೆ ಪರಿಚಯದ್ದು. "ಬಂದೀನ್ರಿ" ಎಂದ ದಿನ ನಾನೂ ಸುತ್ತಲೂ ಹಾಗೆಯೇ ನೋಡಿದ್ದೆ. ಒಂದು ಅಧ್ಯಾಯಕ್ಕಾಗಿ ವಯಸ್ಸಾದ ಹೆಂಗಸನ್ನು ಅದೇ ಜಾಗಕ್ಕೆ ತಂದು ನಿಲ್ಲಿಸಿದೆನಲ್ಲ ಎಂದು ಮೈಯೆಲ್ಲ ಮುಳ್ಳಾಯಿತು.

ಮುಂದಿನ ವಾರ ಹೋಗಲು ಮುಖವಿರಲಿಲ್ಲ. ಅದರ ಮುಂದಿನ ವಾರ ಪುಸ್ತಕ, ಹಾಳೆ ಏನೂ ಇಲ್ಲದೆ ಹೋಗಿ, ತಪ್ಪಾಯಿತು ಎಂದೆ. ಅವರು ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿಸಿ ಕೂರಿಸಿದರು. ಕುರ್ಚಿಯ ಕೈಯನ್ನು ತಟ್ಟಿ, "ಇದಕ್ಕ ಏನಂತಾರ ಹೇಳು" ಎಂದರು.

"ಸೆದಿಯಾ."

"ಹೌದು. ನಾವು ಸೆಜ್ಜ ಅಂತೀವಿ. ಉತ್ತರದ ಮಠಕ್ಕ ಸೇರಿದಾಗ ನಾ ಸಣ್ಣಾಕಿ. ಊಟದ ಮನ್ಯಾಗ ಸೆಜ್ಜ ಎಲ್ಲಿ ಇಡ್ಲಿ ಅಂತ ಕೇಳಿದೆ. ಒಬ್ಬಾಕಿ ನಕ್ಕಳು, ಆಮ್ಯಾಲ ಎಲ್ಲಾರೂ. ದೊಡ್ಡ ಮದರ್ ನನ್ನ ನಿಂದರಿಸಿ ಮತ್ತ ಮತ್ತ ಅನಿಸಿದ್ರು, ಸೆದಿಯಾ, ಸೆದಿಯಾ ಅಂತ. ಅಲ್ಲಿಂದ ಮುಂದ ಮಂದಿ ಎದುರಿಗೆ ನಮ್ಮೂರ ಮಾತು ಆಡಿಲ್ಲ. ಇಲ್ಲಿ ಬಂದ ಮ್ಯಾಲ ನಿಮ್ಮ ಮಾತು ಕಲಿತೆ. ಇದ್ರಾಗ ನಂಗ ನಾಚಿಕಿ ಆಗಂಗಿಲ್ಲ. ಇಲ್ಲಿ ನಾ ಹೆಂಗ ಆಡಿದ್ರೂ ಮಂದಿ ಖುಷಿ ಪಡ್ತಾರ."

ಆಮೇಲೆ ತಾವೇ ಹೇಳಿದರು: "ಮುಂದಿನ ವಾರ ಆ ಪುಟ ತಗೊಂಬಾ."

ಪುಟ ಕೈಗೆ ಬಂದಾಗ ಅವರು ಮೊದಲು ಮನಸ್ಸಿನಲ್ಲೇ ಓದಿಕೊಂಡರು. ಬಳಿಕ ದವಾಖಾನೆಯ ಬಾಗಿಲು ಹಾಕಿಸಿ ಗಟ್ಟಿಯಾಗಿ ಓದಿದರು. ನನಗೆ ಗೊತ್ತಿದ್ದ ಸಿಸ್ಟರಿನ ದನಿ ಅದಾಗಿರಲಿಲ್ಲ. ಶಬ್ದಗಳ ಕೊನೆ ನುಂಗಿ, ಒಂದರ ಮೇಲೊಂದು ಬಿದ್ದಂತೆ, ಬೇಡಿಕೆಯೂ ಸಿಟ್ಟೂ ಒಂದೇ ಉಸಿರಿನಲ್ಲಿ. ಪ್ರತಿ ಸಾಲಿನ ಅರ್ಥವನ್ನು ತಮ್ಮ ಮುದಗಲ್ ಕನ್ನಡದಲ್ಲಿ ಬಿಡಿಸಿ ಹೇಳಿದರು. ಎಲ್ಲ ಮುಗಿದ ಮೇಲೆ, "ನೀ ಕನ್ನಡದಾಗ ಬರದೀದಿ ಅಂದ್ಯಲ್ಲ, ಓದು ಕೇಳೂಣ" ಎಂದರು.

"ಸ್ವಾಮಿ, ನನ್ನ ಪತಿ ತೀರಿಹೋಗಿದ್ದಾರೆ" ಎಂದು ಶುರು ಮಾಡಿದೆ. "ಬೆವರು ಸುರಿಸಿದ ಭೂಮಿ" ಎಂಬಲ್ಲಿಗೆ ಬಂದು ನಿಲ್ಲಿಸಿದೆ. ಮುಂದಕ್ಕೆ ಓದಲು ಆಗಲಿಲ್ಲ.

ಉಲ್ಲೇಖಗಳನ್ನೆಲ್ಲ ಮತ್ತೆ ಅನುವಾದಿಸುವುದೆಂದು ಗಟ್ಟಿ ಮಾಡಿಕೊಂಡೆ. ವಿಧವೆಗೆ ನಮ್ಮ ಕಡೆಯ ಮಾತು, ಕಾರಭಾರಿಗೆ ಅವನ ದರ್ಪದ ಮಾತು. ಸುಲಭದ ಕೆಲಸ ಎಂದುಕೊಂಡಿದ್ದೆ. ಕುಳಿತು ಬರೆದರೆ ಬಂದದ್ದು ನಾಟಕದ ಹಳ್ಳಿಯವರ ಮಾತು. ಕ್ರಿಯಾಪದದ ಬಾಲ ಬದಲಿಸಿದ್ದೆ, ಅಷ್ಟೇ. ನನ್ನ ಬಾಯಿಂದ ಅದು ನಿಜವಾಗಿಯೂ ಹೋಗಿಬಿಟ್ಟಿತ್ತು. ಕಳೆದುಕೊಂಡದ್ದನ್ನು ಬೇಕೆಂದಾಗ ತೆಗೆದುಕೊಳ್ಳಬಹುದು ಎಂದು ನಾನು ನಂಬಿದ್ದೆನಲ್ಲ, ಅದಕ್ಕೇ ನಾಚಿಕೆಯಾಯಿತು.

ಅವ್ವನನ್ನು ಕೇಳದೆ ದಾರಿಯಿರಲಿಲ್ಲ. ಅವ್ವ ಆಗ ಸಿಂಧನೂರಿನಲ್ಲಿ ನನ್ನ ಜೊತೆಗಿದ್ದಳು. ಜವಳಗೇರಾ, ದಢೇಸುಗೂರಿನ ಗದ್ದೆಗಳಲ್ಲಿ ಸಸಿ ಹಚ್ಚಿ ಹಚ್ಚಿ ಮೊಣಕಾಲು ಕೈಕೊಟ್ಟಿದ್ದವು. ದೃಶ್ಯವನ್ನು ಅವಳಿಗೆ ವಿವರಿಸಿ, "ಆಕಿ ಏನಂತಾಳ, ನೀ ಅಂದು ತೋರಸವ್ವ" ಎಂದೆ.

"ಯಾವ ಕುಲದಾಕಿ?" ಎಂದಳು.

"ಅಲ್ಲಿ ಕುಲ ಅಂತ ಇಲ್ಲವ್ವ."

"ಇಲ್ಲಂದ್ರ ಆಕಿ ಯಾಕ ಹೊರಗ ನಿಂತಾಳ?"

ಮೆಟ್ಟಿಲ ಮೇಲೆ ನಿಂತದ್ದನ್ನು ನಾನು ಎಷ್ಟು ಸಲ ಓದಿದ್ದರೂ ಆ ಪ್ರಶ್ನೆ ಕೇಳಿಕೊಂಡಿರಲಿಲ್ಲ. ನಮ್ಮ ಕೇರಿಯವರು ಗೌಡರ ಮನೆಯ ಕಟ್ಟೆಯ ಕೆಳಗೆ ನಿಲ್ಲುವುದನ್ನು ನೋಡಿಯೇ ಬೆಳೆದವಳು ನಾನು. ಅಪ್ಪ ಬುದ್ಧನ ಪಟ ತಂದು ಗೋಡೆಗೆ ಹಾಕಿದ್ದ, ನಾನು ಓದಿ ನೌಕರಿ ಹಿಡಿದಿದ್ದೆ. ಅಷ್ಟಕ್ಕೇ ಆ ಕಟ್ಟೆ ನನಗೆ ಮರೆತುಹೋಗಿತ್ತು.

"ಅಂವ ಉಣ್ಣಾಕತ್ತಾನಂದಿ. ಕೂಸು ಹಸದೈತೇನು?" ಎಂದು ಮತ್ತೆ ಕೇಳಿದಳು. ಹೌದು ಎಂದೆ. ಅವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು, ಎದುರಿನ ಗೋಡೆ ನೋಡುತ್ತ ಮಾತಾಡಿದಳು: "ಎಪ್ಪಾ, ನನ್ನ ಗಂಡ ಸತ್ತಾನ, ಖರೆ ಐತಿ. ಹೊಲ ಏನ್ ಸತ್ತೈತೇನ್ರಿ? ಅಂವ ಬಿತ್ತಿದ್ದು ಇನ್ನಾ ನಿಂತೈತಿ, ಹೋಗಿ ನೋಡ್ರಿ. ಈ ಕೂಸಿನ್ನ ಕಟಿಗೊಂಡು ನಾ ಎಲ್ಲಿಗೆ ಹೋಗ್ಲಿ, ನೀವಾ ಹೇಳ್ರಿ. ನೀವು ಹೇಳಿದ ಕಡಿ ಹೊಕ್ಕೀನಿ."

ಕಾರಭಾರಿ ಏನನ್ನುತ್ತಾನೆಂದು ನಾನು ಕೇಳಿದಾಗ ಅವಳಿಗೆ ಯೋಚಿಸುವುದೇ ಬೇಕಾಗಲಿಲ್ಲ. "ಏಯ್, ಖಾಲಿ ಮಾಡಂದ್ರ ಮಾಡಬೇಕು. ನಿಂದೇನ್ ಬೇ ಮತ್ತ? ನಡಿ ಆಚಿಗೆ." ಅವನ ದನಿಯೂ ಅವಳಲ್ಲಿ ಸಿದ್ಧವಾಗಿತ್ತು. ನಾನು ಕಾರ್ಡಿನ ಮೇಲೆ ಇಳಿಸಿಕೊಂಡೆ. ಅದು ಎಲ್ಲಿ ಕೇಳಿದ್ದು ಎಂದು ಕೇಳಲು ಧೈರ್ಯವಾಗಲಿಲ್ಲ.

ಹೊಸ ಅಧ್ಯಾಯವನ್ನು ವಿಭಾಗದಲ್ಲಿ ಮತ್ತೊಮ್ಮೆ ಓದಬೇಕಾಯಿತು. ವಿಶ್ಲೇಷಣೆಯ ಭಾಗ ಶಾಂತವಾಗಿ ಸಾಗಿತು. ಉಲ್ಲೇಖಕ್ಕೆ ಬಂದು "ಹೊಲ ಏನ್ ಸತ್ತೈತೇನ್ರಿ" ಎಂದ ಕೂಡಲೇ ಸಭೆ ನಕ್ಕಿತು. ಕೇಡಿನ ನಗೆಯಲ್ಲ. ಆ ಮಾತು ಅವರು ಕೇಳಿದ್ದು ರಂಗದ ಮೇಲಿನ ಹಾಸ್ಯದಲ್ಲಿ ಮಾತ್ರ. ಪಿಎಚ್.ಡಿ. ಪ್ರಬಂಧದ ನಡುವೆ ಬಂದದ್ದಕ್ಕೆ ತಡೆಯಲಾಗಲಿಲ್ಲ. ಮಾರ್ಗದರ್ಶಕರೂ ಮುಗುಳ್ನಕ್ಕರು. ಅವ್ವ ಸೆರಗು ಎಳೆದುಕೊಂಡು ಅಲ್ಲಿ ನಿಂತಿದ್ದಾಳೆ, ಕರೆತಂದು ನಿಲ್ಲಿಸಿದವಳು ನಾನು ಎನಿಸಿತು. ಆಗ ನನ್ನ ನಾಲಿಗೆ ತಾನೇ ಹೊರಳಿತು. ಕಾಗದದಲ್ಲಿ "ನೀವಾ ಹೇಳ್ರಿ" ಎಂದಿತ್ತು. ಬಾಯಿ "ತಾವೇ ಹೇಳಿ" ಎಂದು ಓದಿತು. ಉಳಿದದ್ದನ್ನೂ ಹಾಗೆಯೇ ಶುದ್ಧಗೊಳಿಸುತ್ತ ಓದಿ ಮುಗಿಸಿದೆ. ನಗೆ ನಿಂತಿತು. ಚಪ್ಪಾಳೆಯೂ ಬಿತ್ತು.

"ಹಳೆಯ ಅನುವಾದವೇ ಇರಲಿ" ಎಂದರು ಮಾರ್ಗದರ್ಶಕರು. "ಇದು ಪರೀಕ್ಷಕರಿಗೆ ರುಚಿಸುವುದಿಲ್ಲ." ನಾನು ಆಗಲಿ ಎಂದೇ ಬಂದೆ. ಮುದಗಲ್ಲಿಗೆ ಹೋಗಿ ಸಿಸ್ಟರಿಗೆ ನಡೆದದ್ದನ್ನು ಹೇಳಿದೆ.

"ನಕ್ಕ ಮ್ಯಾಲ ನೀ ಏನ್ ಮಾಡಿದಿ?" ಎಂದರು.

"ಮಾತು ಬದಲಿಸಿದೆ."

ಅವರು ತಮ್ಮ ಅಂಗೈ ನೋಡಿಕೊಂಡರು. "ನಾನೂ ಅದನ್ನ ಮಾಡೀನಿ ತಂಗಿ. ಮಾಡ್ಕೋತ ಮಾಡ್ಕೋತ ಮುದುಕಿ ಆದೆ. ನಮ್ಮವ್ವ ಸಾಯೂ ಮುಂದ ಹೋಗಿದ್ದೆ. ಆಕಿ ಸಂಗಾಟ ಮಾತಾಡಾಕ ನನಗ ಮಾತು ಬರಲಿಲ್ಲ."

ಅಲ್ಲಿಂದ ಎದ್ದು ಬರುವಾಗ ನನ್ನ ನಿರ್ಧಾರ ಆಗಿತ್ತು. ಅವ್ವ ಹೇಳಿದಂತೆಯೇ ಇರುತ್ತದೆ, ಪ್ರಬಂಧದ ಒಳಗೇ ಇರುತ್ತದೆ. ಮಾರ್ಗದರ್ಶಕರು ಬೇಸರದಿಂದ, "ನಾಳೆ ಏನಾದರೂ ಆದರೆ ನನ್ನ ಕಡೆ ನೋಡಬೇಡಿ" ಎಂದು ಒಪ್ಪಿದರು. ಲಿಂಗಸುಗೂರಿನ ಟೈಪಿಸ್ಟನಿಗೆ ಹಸ್ತಪ್ರತಿ ಕೊಟ್ಟೆ. ಕೆಲಸ ಮುಗಿದು ತಂದು ನೋಡಿದರೆ ವಿಧವೆಯ ಮಾತೆಲ್ಲ ಪುಸ್ತಕದ ಕನ್ನಡವಾಗಿತ್ತು. "ಭಾಳ ತಪ್ಪ ಇದ್ದೂರಿ ಮೇಡಂ, ನಾನಾ ಎಲ್ಲಾ ತಿದ್ದೀನಿ" ಎಂದ ಅವನು, ಹೆಮ್ಮೆಯಿಂದ. ಅವನೂ ಅದೇ ಮಾತಿನವನು. ಆ ಪುಟಗಳನ್ನು ಮತ್ತೆ ಹೊಡೆಸುವಾಗ ಪಕ್ಕದಲ್ಲಿ ಕುಳಿತು ಒಂದೊಂದೇ ಅಕ್ಷರ ಹೇಳಿದೆ. ತಪ್ಪೆಂದು ತಾನು ಕಲಿತದ್ದನ್ನು ತನ್ನ ಬೆರಳಿನಿಂದ ಹೊಡೆಯುವಾಗ ಅವನು ಪ್ರತಿ ಸಾಲಿಗೂ ನನ್ನ ಮುಖ ನೋಡುತ್ತಿದ್ದ.

ಕೃತಜ್ಞತೆಯ ಪುಟದಲ್ಲಿ ಸಿಸ್ಟರ್ ಹೆಸರು ಬರೆಯುತ್ತೇನೆ ಎಂದಾಗ, "ವ್ಯಾಕರಣ ಕಲಿಸಿದ್ರು ಅಂತ ಬರಿ. ಆ ಮಾತು ನಂಗ ಬರ್ತದಂತ ಮಾತ್ರ ಬರಿಬ್ಯಾಡ" ಎಂದರು. ಹಾಗೆಯೇ ಬರೆದೆ.

ಪರೀಕ್ಷಕರಲ್ಲಿ ಒಬ್ಬರು ಉಲ್ಲೇಖಗಳ ಭಾಷೆ ಸಂಶೋಧನೆಗೆ ತಕ್ಕದ್ದಲ್ಲವೆಂದು ಪ್ರಬಂಧ ಹಿಂದಿರುಗಿಸಿದರು. ವಿವರಣೆ ಬರೆದು, ಮತ್ತೆ ಸಲ್ಲಿಸಿ, ಮೌಖಿಕ ಪರೀಕ್ಷೆ ಬರುವಷ್ಟರಲ್ಲಿ ಇನ್ನೊಂದು ವರ್ಷ ಹೋಯಿತು. ಅಲ್ಲಿ ಅದೇ ಪುಟ ಓದಲು ಹೇಳಿದರು. ಓದಿದೆ. ಇಬ್ಬರು ನಕ್ಕರು. ನನ್ನ ಕಿವಿ ಕಾದವು, ಕಾಗದದ ಮೇಲಿನ ಸಾಲು ಮಸುಕಾಯಿತು. ಆದರೂ "ನೀವು ಹೇಳಿದ ಕಡಿ ಹೊಕ್ಕೀನಿ" ಎಂಬಲ್ಲಿಯವರೆಗೆ ಒಂದಕ್ಷರ ಬದಲಿಸದೆ ಓದಿದೆ. ಕೊನೆಯಲ್ಲಿ ಶಿಷ್ಟ ಕನ್ನಡದ ರೂಪವನ್ನು ಅನುಬಂಧವಾಗಿ ಸೇರಿಸಬೇಕೆಂಬ ಷರತ್ತಿನ ಮೇಲೆ ಪದವಿ ಆಯಿತು. ಸೇರಿಸಿದೆ. ನನ್ನ ಹಳೆಯ ಅನುವಾದ ಆ ಕೆಲಸಕ್ಕೆ ಬಂತು.

ಪರೀಕ್ಷೆ ಮುಗಿಸಿ ಸಿಂಧನೂರಿಗೆ ಮರಳಿದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು.

"ಪಾಸಾತವ್ವ. ನೀ ಹೇಳಿದ್ದನ್ನ ಓದಿಸಿದ್ರು" ಎಂದೆ.

ಅವ್ವನಿಗೆ ಖುಷಿಯಾಯಿತು. ರೊಟ್ಟಿ ತಿರುವಿ ಹಾಕಿ, "ಮತ್ತ ಆಕಿಗೆ ಮನಿ ಬಿಟ್ಟುಕೊಟ್ರೇನು?" ಎಂದು ಕೇಳಿದಳು.

ಇಷ್ಟು ವರ್ಷದಲ್ಲಿ ನಾನು ಅವಳಿಗೆ ಆ ಒಂದೂವರೆ ಪುಟವನ್ನಷ್ಟೇ ಹೇಳಿದ್ದೆ. ಕತೆ ಮುಂದೇನಾಯಿತೆಂದು ಹೇಳಬೇಕು ಎಂದು ನನಗೆ ತೋಚಿಯೇ ಇರಲಿಲ್ಲ.

"ಇಲ್ಲವ್ವ. ಹೊರಗ ಹಾಕಿದ್ರು."

ಅವ್ವನ ಕೈ ಹಿಟ್ಟಿನ ಮೇಲೆ ನಿಂತಿತು. "ಅಷ್ಟೆಲ್ಲಾ ಬೇಡಿಕೊಂಡೆನಲ್ಲ ನಾನು" ಎಂದಳು.

ಹಂಚಿನ ಮೇಲಿನ ರೊಟ್ಟಿ ಸುಟ್ಟ ವಾಸನೆ ಬಂತು. ನಾನೇ ಎದ್ದು ಅದನ್ನು ತೆಗೆದೆ. ಅವ್ವನ ಮುಖ ನೋಡಲಾಗಲಿಲ್ಲ.